ಮೊದಲ ಕೌದಿಗೆ ಬಟ್ಟೆ ಎಷ್ಟು ಬೇಕು? ಅಂದಾಜು ಪಟ್ಟಿ ಪರಿಶೀಲಿಸುವ ಕ್ರಮ



ಸ್ವಸಹಾಯ ಸಂಘಗಳ ಕೌದಿ ತರಬೇತಿಯ ಸಾಮಗ್ರಿ ಪಟ್ಟಿ ತಮ್ಮ ಮುಂದೆ ಬಂದಾಗ ದರಕ್ಕಿಂತ ಮೊದಲು ಅಳತೆಯನ್ನು ನೋಡತಕ್ಕದ್ದು. ಒಂದು ಮೀಟರ್ ಕಡಿಮೆ ಬಿದ್ದರೆ ಅದೇ ಬಣ್ಣದ ಬಟ್ಟೆ ಮತ್ತೆ ದೊರೆಯುವ ಭರವಸೆಯಿಲ್ಲ. ಮೊದಲ ಬಾರಿಗೆ ಸೂಜಿ ಹಿಡಿದ ಮಹಿಳೆಯ ಕೌದಿ ಅರ್ಧಕ್ಕೇ ಮೂಲೆ ಸೇರುತ್ತದೆ.

ಒಬ್ಬರು ಹೊದೆಯುವ ಕೌದಿ 60 ಅಂಗುಲ ಅಗಲ, 90 ಅಂಗುಲ ಉದ್ದವಿರಲಿ. ಉದ್ದ ಸುಮಾರು 5 ಮೊಳವಾಗುತ್ತದೆ. ಆದರೆ ಮೊಳ ಕೈಯಿಂದ ಕೈಗೆ ಬದಲಾಗುವುದರಿಂದ ಟೇಪನ್ನೇ ಬಳಸಬೇಕು. 10 ಅಂಗುಲದ ಚೌಕಗಳಾದರೆ 6 ಸಾಲು ಅಗಲಕ್ಕೆ, 9 ಸಾಲು ಉದ್ದಕ್ಕೆ, ಒಟ್ಟು 54.

ತಪ್ಪು ನಡೆಯುವುದು ಇಲ್ಲಿಯೇ. ವಿಸ್ತೀರ್ಣ 5400 ಚದರ ಅಂಗುಲವನ್ನು ಬಟ್ಟೆಯ ಅಗಲ 44ರಿಂದ ಭಾಗಿಸಿ 3.1 ಮೀಟರ್ ಎಂದು ಬರೆದುಬಿಡುತ್ತಾರೆ. ಹೊಲಿಗೆಗೆ ಬಿಡುವ ಅಂಚು ಲೆಕ್ಕದಲ್ಲಿರುವುದಿಲ್ಲ. ಪ್ರತಿ ಬದಿಗೆ ಅರ್ಧ ಅಂಗುಲ ಬಿಟ್ಟರೆ 11 ಅಂಗುಲದ ಚೌಕ ಕತ್ತರಿಸಬೇಕು. ಗಟ್ಟಿ ಅಂಚು ತೆಗೆದ ಬಟ್ಟೆಯಲ್ಲಿ ಅಡ್ಡಕ್ಕೆ ಮೂರೇ ಕೂಡುತ್ತವೆ, 5 ಮೀಟರಿಗೂ ತುಸು ಮಿಗಿಲಾಗಿ ಬೇಕಾಗುತ್ತದೆ. ಕಾಲು ಅಂಗುಲ ಬಿಟ್ಟು 10.5ಕ್ಕೆ ಕತ್ತರಿಸಿದರೆ ನಾಲ್ಕು ಕೂಡುತ್ತವೆ. ಆಗ 14 ಸಾಲು, 147 ಅಂಗುಲ, ಅಂದರೆ 3.73 ಮೀಟರ್. ಹೊಸ ಹತ್ತಿ ಬಟ್ಟೆ ಒಗೆದಾಗ ಕುಗ್ಗುವುದರಿಂದ ನೂರಕ್ಕೆ 5ರಷ್ಟು ಸೇರಿಸಿ 4 ಮೀಟರ್ ಎನ್ನಬಹುದು. ಮೂರು ಬಣ್ಣಗಳಿದ್ದಲ್ಲಿ ಪ್ರತಿ ಬಣ್ಣಕ್ಕೆ 18 ಚೌಕ, 5 ಸಾಲು; ತಲಾ ಒಂದೂವರೆ ಮೀಟರ್ ಕೊಳ್ಳಬೇಕು. ಒಟ್ಟು ಹೆಚ್ಚಾಗುವುದು ಸಹಜ, ಆಕ್ಷೇಪಿಸಬೇಕಾಗಿಲ್ಲ.

ಕೆಳಪದರ ಸುತ್ತಲೂ 2 ಅಂಗುಲ ದೊಡ್ಡದಿರಬೇಕು: 64ಕ್ಕೆ 94. 94 ಅಂಗುಲದ ಎರಡು ತುಂಡು ಜೋಡಿಸಲು, ಕುಗ್ಗುವಿಕೆ ಸೇರಿ, 5.25 ಮೀಟರ್ ಸಾಕು. ಬದಿಯಲ್ಲಿ ಉಳಿಯುವ ಪಟ್ಟಿಯಿಂದಲೇ ಅಂಚು ಕಟ್ಟಬಹುದು. ಅದಕ್ಕೆ ಪ್ರತ್ಯೇಕ ಖರೀದಿ ತೋರಿಸಿದ್ದರೆ ಕಾರಣ ಕೇಳುವುದು.

ಒಳಪದರಕ್ಕೆ ಹೊಸ ಬಟ್ಟೆ ಅನಗತ್ಯ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹುಟ್ಟಿದ್ದೇ ಹಳೆಯ ಸೀರೆಗಳಿಂದ. ಐದೂವರೆ ಮೀಟರಿನ ಸೀರೆಯನ್ನು ನಡುವೆ ಕತ್ತರಿಸಿ ಪಕ್ಕಪಕ್ಕಕ್ಕೆ ಜೋಡಿಸಿದರೆ ಒಂದು ಪದರ ಪೂರ್ಣವಾಗುತ್ತದೆ. ಹಲವು ಸಲ ಒಗೆದದ್ದಾದ್ದರಿಂದ ಮತ್ತೆ ಕುಗ್ಗುವ ಭಯವೂ ಕಡಿಮೆ. ಬೆಳಕಿಗೆ ಹಿಡಿದು ನೋಡಿ, ಜೀರ್ಣವಾದ ಭಾಗವನ್ನು ತೆಗೆದುಹಾಕಬೇಕು.

ಬಟ್ಟೆಯ ಅಗಲವನ್ನು ನಮೂದಿಸದ ಅಂದಾಜು ಪಟ್ಟಿಯನ್ನು ತಿದ್ದಿ ತರುವಂತೆ ಹಿಂದಿರುಗಿಸಬಹುದು.