ಗಾಳಿ ಕಮಾನಿನ ಸೋರಿಕೆ: ಪತ್ತೆಯೂ ದುರಸ್ತಿಯೂ

ಉಕ್ಕಿನ ಪಟ್ಟಿಗಳ ಕಮಾನಿಗೆ ಬದಲಾಗಿ ರಬ್ಬರು ಚೀಲದಲ್ಲಿ ಅದುಮಿದ ಗಾಳಿಯ ಮೇಲೆ ಭಾರವನ್ನು ಹೊರುವ ವಾಹನಗಳು ನಮ್ಮ ಸೀಮೆಗೆ ಈಗ ಹೊಸತಲ್ಲ. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು 2005-06ನೆಯ ಸಾಲಿನಲ್ಲಿ ವೋಲ್ವೋ ಬಸ್ಸುಗಳನ್ನು ಓಡಿಸಲಾರಂಭಿಸಿತು. ಅಂಥ ಬಸ್ಸು ವಿಜಯನಗರದಲ್ಲಿಯೋ ಕೆಂಗೇರಿಯಲ್ಲಿಯೋ ನಿಂತಾಗ ಬುಸ್ಸೆಂದು ಒಂದು ಮಗ್ಗುಲಿಗೆ ತಗ್ಗುವುದನ್ನು ವಾಚಕರು ನೋಡಿರಬಹುದು. ಅದು ಸೋರಿಕೆಯಲ್ಲ, ಜನರು ಹತ್ತಲು ಅನುಕೂಲವಾಗಲೆಂದು ಚಾಲಕನೇ ಬಿಟ್ಟ ಗಾಳಿ.

ಇಂಥ ಬಸ್ಸನ್ನೋ ಲಾರಿಯನ್ನೋ ಕೊಂಡು ಬಾಡಿಗೆಗೆ ಬಿಟ್ಟಿರುವ ಜಮೀನುದಾರರು ಒಂದು ಸಂಗತಿಯನ್ನು ಮುಖ್ಯವಾಗಿ ತಿಳಿದಿರಬೇಕು. ರಾತ್ರಿ ಸಮನಾಗಿ ನಿಂತಿದ್ದ ವಾಹನವು ಬೆಳಿಗ್ಗೆ ಕುಸಿದಿರುವುದನ್ನು ಕಂಡೊಡನೆ ಹಲವರು ಕಂಪ್ರೆಸರನ್ನೇ ಬದಲಾಯಿಸಿಬಿಡುತ್ತಾರೆ. ಇದು ತೂತುಬಿದ್ದ ಕೊಡಕ್ಕಾಗಿ ಬಾವಿಯ ರಾಟೆಯನ್ನು ಬದಲಾಯಿಸಿದಂತೆಯೇ ಸರಿ. ಸೋರಿಕೆ ಉಳಿದರೆ ಹೊಸ ಕಂಪ್ರೆಸರೂ ಬಿಡುವಿಲ್ಲದೆ ದುಡಿದು, ಕಾದು, ಬೇಗನೆ ಸವೆಯುವುದು. ಬಸ್ಸು ಲಾರಿಗಳಲ್ಲಿ ಬ್ರೇಕಿಗೂ ಅದೇ ಕಂಪ್ರೆಸರಿನ ಗಾಳಿಯೇ ಆಧಾರ. ಬ್ರೇಕಿನ ಪಾಲನ್ನು ಕಾಯುವ ವಾಲ್ವ್ ಇದ್ದರೂ, ಗಾಳಿ ಕಡಿಮೆಯೆಂಬ ಎಚ್ಚರಿಕೆಯ ದೀಪ ಹೊತ್ತಿರುವ ವಾಹನವನ್ನು ರಸ್ತೆಗೆ ತರಲೇಕೂಡದು.

ಪತ್ತೆಯ ಕ್ರಮ ಸುಲಭವಾದುದು. ವಾಹನವನ್ನು ಸಮನೆಲದ ಮೇಲೆ ನಿಲ್ಲಿಸಿ, ಟ್ಯಾಂಕು ತುಂಬುವವರೆಗೆ ಎಂಜಿನನ್ನು ನಡೆಸಿ ಆರಿಸಿರಿ. ನಾಲ್ಕು ಚಕ್ರಗಳ ಮೇಲಣ ಅಂಚೂ ನೆಲಕ್ಕೆ ಎಷ್ಟು ಎತ್ತರದಲ್ಲಿದೆಯೆಂದು ಅಳೆದು ಬರೆದಿಡಿರಿ. ಮರುದಿನ ಬೆಳಿಗ್ಗೆ ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಇಳಿದಿದ್ದರೆ ಆ ಮೂಲೆಯ ಚೀಲ ಅಥವಾ ಕೊಳವೆಯನ್ನು ಮೊದಲು ಸಂಶಯಿಸಬೇಕು. ಒಂದೇ ಅಚ್ಚಿನ ಎರಡು ಕಡೆಯೂ ಇಳಿದಿದ್ದರೆ ಅದರ ಎತ್ತರವನ್ನು ಕಾಯುವ ಲೆವೆಲಿಂಗ್ ವಾಲ್ವನ್ನು ನೋಡಬೇಕು.

ಅನಂತರ ಗಾಳಿ ತುಂಬಿ, ಮೈಯನ್ನು ಪೂರ್ಣ ಎತ್ತರಕ್ಕೆ ಏರಿಸಿ, ಅಚ್ಚಿಗೂ ಛಾಸಿಗೂ ನಡುವೆ ಬಲವಾದ ಊರೆಗಳನ್ನು ಕೊಡತಕ್ಕದ್ದು. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳುವುದು ಪ್ರಾಣಾಪಾಯ. ಚೀಲ ಹಠಾತ್ತನೆ ಬರಿದಾದರೆ ಮೈಯೆಲ್ಲ ಒಂದೇ ಕ್ಷಣದಲ್ಲಿ ಇಳಿಯುವುದು. ಸಾಬೂನಿನ ನೊರೆನೀರನ್ನು ಕುಂಚದಿಂದ ಚೀಲದ ಮಡಿಕೆಗೂ, ಕೊಳವೆಯ ಕೀಲುಗಳಿಗೂ, ವಾಲ್ವಿನ ಹೊರಬಾಯಿಗೂ ಹಚ್ಚಿದರೆ ಸೋರುವೆಡೆಯಲ್ಲಿ ಗುಳ್ಳೆ ಏಳುವುದು. ಇಳಿದ ಸ್ಥಿತಿಯಲ್ಲಿ ಮಡಿಕೆಯ ಬಿರುಕು ಮುಚ್ಚಿಕೊಂಡಿರುವುದರಿಂದಲೇ ಮೈಯನ್ನು ಏರಿಸಬೇಕಾದದ್ದು.

ದುರಸ್ತಿಗೆ ಮುಂಚೆ ಗಾಳಿಯನ್ನೆಲ್ಲ ಬಿಡಬೇಕು. ಕೀಲಿನಲ್ಲಿ ಸೋರಿದರೆ ಕೊಳವೆಯ ಸವೆದ ತುದಿಯನ್ನು ಹರಿತವಾದ ಅಲಗಿನಿಂದ ನೇರವಾಗಿ ಕತ್ತರಿಸಿ ಪೂರ್ತಿ ಒಳಸೇರಿಸಿದರೆ ಬಹುಮಟ್ಟಿಗೆ ನಿಲ್ಲುವುದು. ಇದಕ್ಕೆ ಖರ್ಚೇ ಇಲ್ಲವೆನ್ನಬಹುದು. ವಾಲ್ವನ್ನು ಬಿಚ್ಚುವ ಮುನ್ನ ಅದರ ತೋಳಿಗೆ ತಗುಲಿಸಿದ ಕಡ್ಡಿ ಬಾಗಿದೆಯೇ, ಕಳಚಿದೆಯೇ ನೋಡಿರಿ. ಬಿರಿದ ಚೀಲಕ್ಕೆ ಮಾತ್ರ ಸೈಕಲ್ ಟ್ಯೂಬಿನಂತೆ ತೇಪೆ ಹಾಕಿಸಬಾರದು; ಹೊಸತನ್ನೇ ಕಟ್ಟಿಸಬೇಕು. ಗ್ಯಾರೇಜಿನವರು ಇದನ್ನು ಏರ್ ಬೆಲೋ ಎನ್ನುತ್ತಾರೆ. ಹೊಸ ಚೀಲಕ್ಕೆ ನಿಧಾನವಾಗಿ ಗಾಳಿ ಕೊಟ್ಟು, ಮಡಿಕೆ ಸರಿಯಾಗಿ ಕುಳಿತ ಮೇಲೆಯೇ ಊರೆಗಳನ್ನು ತೆಗೆಯತಕ್ಕದ್ದು. ಸೀಮೆಎಣ್ಣೆ, ಗ್ರೀಸುಗಳನ್ನು ರಬ್ಬರಿಗೆ ಸೋಕಿಸಬೇಡಿರಿ.

ಟ್ಯಾಂಕಿನ ತಳದ ನೀರನ್ನು ಆಗಾಗ್ಗೆ ಬಿಡುತ್ತಿದ್ದರೆ ವಾಲ್ವುಗಳು ತುಕ್ಕು ಹಿಡಿಯುವುದು ಕಡಿಮೆಯಾಗುವುದು. ಆ ನೀರಿನೊಡನೆ ಎಣ್ಣೆಯೂ ಬಂದರೆ, ಆಗ ಕಂಪ್ರೆಸರನ್ನು ಪರೀಕ್ಷಿಸಲು ಕಾರಣವಿದೆ.