ಆ ದಿನದ ಮನಸ್ಸು, ಈ ದಿನದ ಮನಸ್ಸು

ಸೆಷನ್ಸ್ ಕೋರ್ಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಆ ತಾಯಿ ಕೂತಿದ್ದರು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಮಗನ ಆಧಾರ್ ಕಾರ್ಡು, ಎರಡು ಫೋಟೊ, ಜಾಮೀನಿಗೆಂದು ತಂದ ಪಹಣಿ. ಮಗನ ಮೇಲೆ ಕೊಲೆಯ ಆರೋಪ. "ಅವನಿಗೆ ಆರು ವರ್ಷದಿಂದ ಹುಷಾರಿಲ್ಲ ಮೇಡಂ, ರಾತ್ರಿಯೆಲ್ಲ ಗೋಡೆ ಜೊತೆ ಮಾತಾಡೋನು" ಅಂದರು. ಆಸ್ಪತ್ರೆಗೆ ತೋರಿಸಿದ್ದಿರಾ, ಚೀಟಿ ಎಲ್ಲಿ ಎಂದು ಕೇಳಿದೆ. ತಲೆ ತಗ್ಗಿಸಿದರು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಹಿಂದಿನ ದಿನ, ಯಾರ ಕಣ್ಣಿಗಾದರೂ ಬಿದ್ದೀತೆಂದು ಚೀಟಿಗಳನ್ನೆಲ್ಲ ನೀರೊಲೆಗೆ ಹಾಕಿದ್ದರಂತೆ.

ಆ ತಾಯಿಯನ್ನು ದೂರುವ ಮನಸ್ಸು ನನಗಿಲ್ಲ. ಮನೆಯಲ್ಲಿ ಮಾನಸಿಕ ಕಾಯಿಲೆ ಇದೆ ಎಂದು ಊರಿಗೆ ಗೊತ್ತಾದರೆ ಹೆಣ್ಣುಮಕ್ಕಳ ಮದುವೆ ನಿಂತುಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಮಗನ ಪರವಾಗಿ ಕೋರ್ಟಿನಲ್ಲಿ ಮಾತಾಡಬಹುದಾಗಿದ್ದ ಸಾಕ್ಷಿಯೇ ಆ ಒಲೆಯಲ್ಲಿ ಬೂದಿಯಾಗಿತ್ತು. ಈ ವಿಷಯದಲ್ಲಿ ಕಾನೂನು ಏನು ಕೇಳುತ್ತದೆ, ಏನು ಕೊಡುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಹಾಗಾಗುತ್ತಿರಲಿಲ್ಲ.

ಆರೋಪಿಯ ಮನಸ್ಸಿನ ಬಗ್ಗೆ ನ್ಯಾಯಾಲಯ ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತದೆ. ಒಂದು ಈ ದಿನದ್ದು: ಕಟಕಟೆಯಲ್ಲಿ ನಿಂತಿರುವ ಇವನಿಗೆ ಆರೋಪ ಏನೆಂದು ತಿಳಿದು, ವಕೀಲರಿಗೆ ತನ್ನ ಕಥೆ ಹೇಳಿ, ತನ್ನನ್ನು ಸಮರ್ಥಿಸಿಕೊಳ್ಳಲು ಆಗುತ್ತದೆಯೇ? ಇನ್ನೊಂದು ಆ ದಿನದ್ದು: ಕೃತ್ಯ ನಡೆದ ಗಳಿಗೆಯಲ್ಲಿ ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಎಂಬ ಅರಿವು ಇವನಿಗಿತ್ತೇ? ಜನ ಇವೆರಡನ್ನೂ ಕಲಸಿಬಿಡುತ್ತಾರೆ. "ಜೈಲಿಗೆ ಹೋದ ಮೇಲೆ ಮಾತ್ರೆ ತಗೊಂಡು ಸರಿಯಾಗಿದ್ದಾನೆ, ಇನ್ನೇನು ಕೇಸು ಬಿದ್ದಂಗೆ" ಎಂದು ಕೈಚೆಲ್ಲಿದವರನ್ನು ಕಂಡಿದ್ದೇನೆ. ಹಾಗಲ್ಲ. ಇವತ್ತು ಸರಿ ಇದ್ದಾನೆ ಎಂದರೆ ವಿಚಾರಣೆ ಮುಂದುವರಿಯುತ್ತದೆ, ಅಷ್ಟೇ. ಆ ದಿನ ಹೇಗಿದ್ದ ಎಂಬ ಪ್ರಶ್ನೆ ಹಾಗೇ ಉಳಿದಿರುತ್ತದೆ.

ಈ ದಿನದ ಪ್ರಶ್ನೆಗೆ ದಾರಿ ಇರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 367 ಮತ್ತು 368ನೇ ಕಲಂಗಳಲ್ಲಿ. ಹಳೆಯ ಸಿಆರ್‌ಪಿಸಿಯಲ್ಲಿ ಇವು 328, 329 ಆಗಿದ್ದವು. ಆರೋಪಿಯ ಚಿತ್ತಸ್ವಾಸ್ಥ್ಯ ಸರಿಯಿಲ್ಲ, ತನ್ನ ಪರ ವಾದ ಹೂಡಲಾರ ಎಂದು ನಂಬಲು ಕಾರಣ ಕಂಡರೆ ಮ್ಯಾಜಿಸ್ಟ್ರೇಟರು ವಿಚಾರಿಸಲೇಬೇಕು, ಸರ್ಕಾರಿ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ವೈದ್ಯರಿಗೆ ಹೌದೆನ್ನಿಸಿದರೆ ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿಗೆ ಕಳಿಸುತ್ತಾರೆ. ಅವರು ಕೊಟ್ಟ ಅಭಿಪ್ರಾಯ ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಹಾಕುವ ಹಕ್ಕು ಆರೋಪಿಗಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದ ಮುಖ್ಯಸ್ಥರೂ ಹತ್ತಿರದ ಮೆಡಿಕಲ್ ಕಾಲೇಜಿನ ಮನೋವೈದ್ಯಶಾಸ್ತ್ರದ ಅಧ್ಯಾಪಕರೊಬ್ಬರೂ ಆ ಮಂಡಳಿಯಲ್ಲಿರುತ್ತಾರೆ. ಇದಕ್ಕೆಲ್ಲ ದೋಷಾರೋಪ ಪಟ್ಟಿ ಬರುವವರೆಗೆ ಕಾಯಬೇಕಿಲ್ಲ. ಮೊದಲ ರಿಮಾಂಡ್ ದಿನವೇ ವಕೀಲರ ಮೂಲಕ ಒಂದು ಅರ್ಜಿ ಕೊಡಿ. ಜೈಲಿನ ವೈದ್ಯರಿಗೂ ಹೇಳಿ.

ನಮ್ಮ ರಾಜ್ಯದಲ್ಲಿ ಇಂಥ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಸಂಸ್ಥೆಗಳಿವೆ. ಅಲ್ಲಿ ಏನು ಕೇಳುತ್ತಾರೆ ಎಂಬ ಕುತೂಹಲ ಎಲ್ಲರಿಗೂ. ಪ್ರಶ್ನೆಗಳು ಬಹಳ ಸರಳ. ನಿಮ್ಮನ್ನು ಯಾಕೆ ಹಿಡಿದಿದ್ದಾರೆ? ಜಡ್ಜ್ ಕೆಲಸ ಏನು? ನಿಮ್ಮ ವಕೀಲರು ಯಾರ ಪರ? ಸಾಕ್ಷಿ ಸುಳ್ಳು ಹೇಳಿದರೆ ಯಾರಿಗೆ ಹೇಳ್ತೀರಿ? ತಪ್ಪೊಪ್ಪಿಕೊಂಡರೆ ಏನಾಗುತ್ತೆ? ಇವತ್ತಿನ ತಾರೀಕು, ಪ್ರಧಾನಿ ಹೆಸರು ಎಲ್ಲ ಸರಿಯಾಗಿ ಹೇಳಿದವನು "ನನ್ನ ವಕೀಲರು ನನ್ನ ತಲೆಯೊಳಗೆ ಯಂತ್ರ ಇಟ್ಟಿದ್ದಾರೆ, ಅವರ ಹತ್ರ ಏನೂ ಹೇಳಲ್ಲ" ಎಂದರೆ, ಅವನಿಂದ ತನ್ನ ಕೇಸು ನಡೆಸಲಾಗದು. ಹತ್ತು ವರ್ಷದ ಕಾಯಿಲೆಯವನು ಮಾತ್ರೆಯ ಹಿಡಿತದಲ್ಲಿದ್ದು ಇವಕ್ಕೆಲ್ಲ ನಿಧಾನವಾಗಿ ಉತ್ತರಿಸಿದರೆ, ಅವನು ವಿಚಾರಣೆ ಎದುರಿಸಬಲ್ಲ. ಕಾಯಿಲೆ ಇದೆ ಎಂಬ ಮಾತ್ರಕ್ಕೆ ಒಬ್ಬನ ಚಿತ್ತವೇ ಸರಿಯಿಲ್ಲ ಎಂದಾಗುವುದಿಲ್ಲ, ಸಕ್ಷಮ ನ್ಯಾಯಾಲಯ ಹಾಗೆಂದು ಘೋಷಿಸಬೇಕು ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 3ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ಬುದ್ಧಿಶಕ್ತಿಯ ಬೆಳವಣಿಗೆ ಕುಂಠಿತವಾಗಿದೆಯೇ ಎಂದು ನೋಡಲು ಬೇರೆ ಪರೀಕ್ಷೆಗಳಿವೆ. ಅವುಗಳಲ್ಲಿ ಬಿನೆ–ಕಾಮತ್ ಪರೀಕ್ಷೆ ನಮಗೆ ಹತ್ತಿರದ್ದು. ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವಂತೆ ಅದನ್ನು ರೂಪಿಸಿದರು. ಅರ್ಥವಾಗದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಯಾರೂ ಬುದ್ಧಿವಂತರಾಗಿ ಕಾಣುವುದಿಲ್ಲ. ಆರೋಪಿಯ ಮನೆಮಾತು ತುಳು, ಲಂಬಾಣಿ ಅಥವಾ ಉರ್ದು ಆಗಿದ್ದರೆ ಅದನ್ನು ಬಲ್ಲವರು ಪರೀಕ್ಷೆಯಲ್ಲಿರಲಿ ಎಂದು ಅರ್ಜಿಯಲ್ಲೇ ಕೇಳಿಕೊಳ್ಳಿ. ಇದು ಸಣ್ಣ ವಿಷಯವಲ್ಲ.

ಇನ್ನೊಂದು ಮಾತು. ಚಿಕಿತ್ಸೆಗೆ ಹೋದಾಗ ವೈದ್ಯರ ಬಳಿ ಹೇಳಿದ್ದು ಗುಟ್ಟಾಗಿರುತ್ತದೆ. ಕೋರ್ಟಿನ ಆದೇಶದ ಮೇಲೆ ನಡೆಯುವ ಪರೀಕ್ಷೆಯಲ್ಲಿ ಹೇಳಿದ್ದು ವರದಿಗೆ ಹೋಗುತ್ತದೆ. ಇದನ್ನು ಆರೋಪಿಗೆ ಮೊದಲೇ ತಿಳಿಸಿರಬೇಕು. ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಇವು ಬೇರೆಯೇ ಜಾತಿಯವು. ಒಪ್ಪಿಗೆ ಇಲ್ಲದೆ ಇವನ್ನು ಯಾರ ಮೇಲೂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ, ನಮ್ಮದೇ ರಾಜ್ಯ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ.

ಆರೋಪಿ ಸಮರ್ಥನಲ್ಲ ಎಂದಾದರೆ ಮುಂದೇನು? ಮೇಲ್ನೋಟಕ್ಕೆ ಪ್ರಕರಣವೇ ಇಲ್ಲದಿದ್ದರೆ ಅವನನ್ನು ಅಲ್ಲಿಗೇ ಕೈಬಿಡಬೇಕು. ಪ್ರಕರಣ ಇದ್ದರೆ ಚಿಕಿತ್ಸೆಗೆ ಬೇಕಾದಷ್ಟು ಕಾಲ ವಿಚಾರಣೆ ಮುಂದೂಡಬೇಕು. ಈ ನಡುವೆ ಅವನನ್ನು ಜೈಲಿನಲ್ಲೇ ಕೊಳೆಹಾಕಬೇಕೆಂದಿಲ್ಲ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇರಲೇಬೇಕಾದ ಸ್ಥಿತಿ ಅಲ್ಲದಿದ್ದರೆ, ತಪ್ಪದೆ ಚಿಕಿತ್ಸೆ ಕೊಡಿಸುತ್ತೇವೆ, ತನಗಾಗಲಿ ಇತರರಿಗಾಗಲಿ ಅಪಾಯ ಮಾಡದಂತೆ ನೋಡಿಕೊಳ್ಳುತ್ತೇವೆ ಎಂದು ಬಂಧುವೋ ಸ್ನೇಹಿತರೋ ಬರೆದುಕೊಟ್ಟರೆ, ಜಾಮೀನು ಸಿಗದಂಥ ಅಪರಾಧವಾದರೂ 369ನೇ ಕಲಂ ಅಡಿ ಬಿಡುಗಡೆ ಕೇಳಬಹುದು. ಈ ಕಲಂ ಇದೆಯೆಂದು ಎಷ್ಟೋ ಕುಟುಂಬಗಳಿಗೆ ಗೊತ್ತೇ ಇಲ್ಲ.

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಬದುಕನ್ನು ನೋಡಬೇಕು. 1951ರಲ್ಲಿ ತೀವ್ರ ಗಾಯ ಮಾಡಿದ ಆರೋಪದ ಮೇಲೆ ಬಂಧನ. ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ಅಲ್ಲಿನ ವೈದ್ಯರು ಇವರು ಸರಿಯಾಗಿದ್ದಾರೆ ಎಂದು ಬರೆದರು. ಆಮೇಲೆ ಅವರನ್ನು ಕೋರ್ಟಿಗೆ ಕರೆತರುವ ಬದಲು ಜೈಲಿಗೆ ಹಾಕಿ ಮರೆತೇಬಿಟ್ಟರು. ಹೊರಬಂದದ್ದು 2005ರಲ್ಲಿ, ಒಂದು ರೂಪಾಯಿಯ ಸ್ವಂತ ಬಾಂಡಿನ ಮೇಲೆ. 54 ವರ್ಷ. ವಿಚಾರಣೆಯೇ ನಡೆದಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ. ಆದ್ದರಿಂದಲೇ ಪ್ರತಿ ಕಕ್ಷಿದಾರರ ಮನೆಯವರಿಗೆ ಹೇಳುತ್ತೇನೆ: ವಿಚಾರಣೆ ಮುಂದೂಡಿದರು ಎಂದು ಮನೆಗೆ ಹೋಗಿ ಕೂರಬೇಡಿ. ಮುಂದಿನ ತಾರೀಕು ಬರೆದುಕೊಳ್ಳಿ, ಆಸ್ಪತ್ರೆಯ ವರದಿ ಕೋರ್ಟಿಗೆ ಬಂತೇ ಎಂದು ಪ್ರತಿ ಸಲ ಕೇಳಿ.

ಇನ್ನು ಆ ದಿನದ ಪ್ರಶ್ನೆ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. 2024ರ ಜುಲೈ 1ಕ್ಕೆ ಮುಂಚಿನ ಕೃತ್ಯವಾದರೆ ಐಪಿಸಿಯ 84. ಚಿತ್ತಸ್ವಾಸ್ಥ್ಯವಿಲ್ಲದ ಕಾರಣಕ್ಕೆ, ಮಾಡುತ್ತಿರುವ ಕೆಲಸ ಎಂಥದ್ದೆಂದು ಅಥವಾ ಅದು ತಪ್ಪು, ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿಯೇ ಇಲ್ಲದವನು ಮಾಡಿದ್ದು ಅಪರಾಧವಲ್ಲ. ಇದರ ಬೇರು 1843ರ ಇಂಗ್ಲೆಂಡಿನ ಮೆಕ್‌ನಾಟನ್ ಪ್ರಕರಣದಲ್ಲಿದೆ. ವೈದ್ಯರ ಲೆಕ್ಕದ ಕಾಯಿಲೆ ಬೇರೆ, ಕಾನೂನಿನ ಲೆಕ್ಕದ್ದು ಬೇರೆ. ಸಿಟ್ಟು, ವಿಚಿತ್ರ ಸ್ವಭಾವ, ಆಗೀಗ ಬರುವ ಭ್ರಮೆ ಇಷ್ಟೇ ಇದ್ದರೆ ಸಾಲದು. ತಾನಾಗಿ ಕುಡಿದ ಅಮಲಂತೂ ಈ ಕಲಮಿನೊಳಗೆ ಬರುವುದೇ ಇಲ್ಲ.

ಆ ಗಳಿಗೆಯಲ್ಲಿ ಅರಿವಿರಲಿಲ್ಲ ಎಂದು ರುಜುವಾತು ಮಾಡುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ ಪ್ರಕಾರ ಆರೋಪಿಯ ಮೇಲಿದೆ. ಕೇಳಿ ಎದೆಗುಂದಬೇಡಿ. ಪ್ರಾಸಿಕ್ಯೂಷನ್ ತನ್ನ ಕೇಸನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಬೀತು ಮಾಡಬೇಕು. ಆರೋಪಿ ಹಾಗಿದ್ದಿರುವ ಸಂಭವವೇ ಹೆಚ್ಚು ಎಂದು ನಾವು ತೋರಿಸಿದರೆ ಸಾಕು. ಅಷ್ಟು ಆಗದಿದ್ದರೂ ನಮ್ಮ ಸಾಕ್ಷ್ಯದಿಂದ ಆರೋಪಿಯ ಉದ್ದೇಶದ ಬಗ್ಗೆಯೇ ನ್ಯಾಯಾಧೀಶರಿಗೆ ಸಕಾರಣ ಸಂಶಯ ಹುಟ್ಟಿದರೆ ಅದರ ಲಾಭ ಆರೋಪಿಗೆ ಸಿಗುತ್ತದೆ. 1964ರ ದಹ್ಯಾಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ಯಾವ ಮನೋವೈದ್ಯರೂ ಆ ಗಳಿಗೆಯಲ್ಲಿ ಪಕ್ಕದಲ್ಲಿ ನಿಂತಿರಲಿಲ್ಲ. ತಿಂಗಳುಗಳ ಮೇಲೆ ಪರೀಕ್ಷಿಸಿ ಹಿಂದಿನದನ್ನು ಊಹಿಸಬೇಕು. ಹಾಗಾಗಿ ತಜ್ಞರ ವರದಿ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ, ಪಾಟೀಸವಾಲಿಗೂ ಒಳಗಾಗುತ್ತದೆ. ತೀರ್ಪು ನಿಲ್ಲುವುದು ಕೃತ್ಯದ ಮುಂಚೆ, ಆಗ, ಆಮೇಲೆ ಅವನು ನಡೆದುಕೊಂಡ ರೀತಿಯ ಮೇಲೆ. ಮಹಾರಾಷ್ಟ್ರದ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ 1994ರಲ್ಲಿ ಹೆಂಡತಿಯನ್ನು ಕಲ್ಲಿನಿಂದ ಜಜ್ಜಿ ಕೊಂದಿದ್ದ. 2002ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಖುಲಾಸೆ ಮಾಡಿತು. ನ್ಯಾಯಾಲಯ ನೋಡಿದ್ದೇನನ್ನು? ಅವನಿಗೆ ಮುಂಚಿನಿಂದಲೂ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ನಡೆದಿತ್ತು. ಕೊಲ್ಲಲು ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ಅವನು ಅಡಗಲೂ ಇಲ್ಲ, ಓಡಲೂ ಇಲ್ಲ. ಘಟನೆಯ ನಂತರ ಕೆಲವೇ ತಿಂಗಳಲ್ಲಿ 25 ಬಾರಿ ಅವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ಇವೆಲ್ಲ ದಾಖಲೆಯಲ್ಲಿದ್ದವು.

ಹಾಗಾಗಿ ಒಪಿಡಿ ಚೀಟಿ, ಮಾತ್ರೆಯ ಬಿಲ್ಲು, ಡಿಸ್ಚಾರ್ಜ್ ಹಾಳೆ ಯಾವುದನ್ನೂ ಬಿಸಾಡಬೇಡಿ. ದೇವರ ಹೇಳಿಕೆಗೆ, ತಾಯಿತ ಕಟ್ಟಿಸಲು ಕರೆದೊಯ್ದಿದ್ದರೆ ಅದನ್ನೂ ನಾಚದೆ ವಕೀಲರಿಗೆ ಹೇಳಿ. ಮನೆಯವರು ಆಗಲೇ ಕಂಗಾಲಾಗಿದ್ದರು ಎಂಬುದಕ್ಕೆ ಅದೂ ಸಾಕ್ಷಿ. ಹಿಂದಿನ ವಾರ ಅವನು ಊಟ ಬಿಟ್ಟಿದ್ದನ್ನು, ನಿದ್ದೆಯಿಲ್ಲದೆ ಅಲೆದದ್ದನ್ನು ಕಂಡ ನೆರೆಯವರ ಹೆಸರು ಬರೆದಿಡಿ. ಹಣವಿಲ್ಲದಿದ್ದರೆ ವಕೀಲರನ್ನು ಸರ್ಕಾರದ ಖರ್ಚಿನಲ್ಲೇ ಪಡೆಯಬಹುದು. ಬಂಧನದಲ್ಲಿರುವವರಿಗೆ ವರಮಾನ ನೋಡದೆ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಖುಲಾಸೆಯಾದರೆ ಅಂದೇ ಮನೆಗೆ ಬರುತ್ತಾನೆ ಎಂದೂ ತಿಳಿಯಬೇಡಿ. ಕೃತ್ಯ ಮಾಡಿದ್ದು ಇವನೇ ಹೌದೋ ಅಲ್ಲವೋ ಎಂದು ತೀರ್ಪಿನಲ್ಲಿ ಬರೆಯಬೇಕು. ಹೌದಾದರೆ 374ನೇ ಕಲಂ ಪ್ರಕಾರ ಸುರಕ್ಷಿತ ಪಾಲನೆಗೆ ಕಳಿಸುತ್ತಾರೆ ಅಥವಾ ಭದ್ರತೆ ಪಡೆದು ಬಂಧುಗಳಿಗೆ ಒಪ್ಪಿಸುತ್ತಾರೆ.

ಆ ತಾಯಿಯನ್ನು ಮತ್ತೆ ಕೇಳಿದೆ, ಮಗನನ್ನು ಮೊದಲು ಆಸ್ಪತ್ರೆಗೆ ಕರೆದೊಯ್ದದ್ದು ಯಾವಾಗ? ಇಸವಿ ನೆನಪಿರಲಿಲ್ಲ. "ಹಸು ಅವಳಿ ಕರು ಹಾಕಿದ ವರ್ಷ, ಗೌರಿ ಹಬ್ಬ ಕಳೆದ ವಾರ" ಅಂದರು. ಚೀಟಿ ಸುಟ್ಟರೂ ಆಸ್ಪತ್ರೆಯ ರಿಜಿಸ್ಟರ್ ಇರುತ್ತದಲ್ಲ. ತನ್ನ ವೈದ್ಯಕೀಯ ದಾಖಲೆ ಪಡೆಯುವುದು ರೋಗಿಯ ಹಕ್ಕು ಎನ್ನುತ್ತದೆ 2017ರ ಕಾಯ್ದೆಯ 25ನೇ ಕಲಂ. ಜೈಲಿನಲ್ಲಿ ಮಗನ ಸಹಿ ಪಡೆದು ಅರ್ಜಿ ಹಾಕಿದೆವು. ಮೂರು ವಾರದ ಮೇಲೆ ನಾಲ್ಕು ಹಾಳೆ ಜೆರಾಕ್ಸ್ ಬಂತು. ಮೊದಲ ಹಾಳೆಯಲ್ಲಿ ವೈದ್ಯರ ಅಕ್ಷರದಲ್ಲಿ ಮಗನ ಹೆಸರು, ಕೆಳಗೆ "ಕರೆತಂದವರು: ತಾಯಿ" ಎಂದಿತ್ತು. ಓದಲು ಬಾರದ ಆಕೆ ಆ ಸಾಲಿನ ಮೇಲೆ ಬೆರಳಿಟ್ಟು, ಏನಂತ ಬರೆದಿದೆ ಎಂದು ಎರಡು ಸಲ ಕೇಳಿದರು.