ಮೊದಲ ಪಿಸಿಬಿಯನ್ನು ಕೈಯಲ್ಲೇ ಬರೆಯಿರಿ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಕಬ್ಬಿನ ಹೊಲಗಳಲ್ಲಿ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ನೋಡಿರುತ್ತೀರಿ. ಅದರೊಳಗೊಂದು ಪುಟ್ಟ ಬೋರ್ಡು, ಬೋರ್ಡಿನ ಬೆನ್ನಿಗೆ ತಾಮ್ರದ ಗೆರೆಗಳು. ತಂತಿಯ ಕೆಲಸವನ್ನು ಈ ಗೆರೆಗಳೇ ಮಾಡುತ್ತವೆ. ಇಂಥ ಬೋರ್ಡಿಗೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್, ಚಿಕ್ಕದಾಗಿ ಪಿಸಿಬಿ ಎನ್ನುತ್ತಾರೆ. ಇದನ್ನು ನೀವು ಮನೆಯಲ್ಲೇ ಮಾಡಬಹುದು.

ಆದರೆ ಸ್ಟಾರ್ಟರಿನಿಂದ ಶುರು ಮಾಡಬೇಡಿ; ಅಲ್ಲಿರುವುದು ಜೀವ ತೆಗೆಯುವ ಕರೆಂಟು. 9 ವೋಲ್ಟ್ ಬ್ಯಾಟರಿ, ಒಂದು BC547 ಟ್ರಾನ್ಸಿಸ್ಟರ್, ಒಂದೆರಡು ರೆಸಿಸ್ಟರ್, ಒಂದು ಸಣ್ಣ ಬಜರ್ ಇದ್ದರೆ, ಟ್ಯಾಂಕ್ ತುಂಬಿದಾಗ ಕೂಗುವ ಸರ್ಕ್ಯೂಟ್ ಆಗುತ್ತದೆ. ಮೊದಲ ಪಾಠಕ್ಕೆ ಅಷ್ಟು ಸಾಕು.

ಒಂದು ಬದಿಗೆ ತಾಮ್ರ ಹೊದಿಸಿದ ಖಾಲಿ ಬೋರ್ಡು ಕೊಳ್ಳಿರಿ. ಸಾಮಾನ್ಯವಾಗಿ ಅದು 1.6 ಮಿಲಿಮೀಟರ್ ದಪ್ಪ. ತಾಮ್ರವಂತೂ 35 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 35 ಭಾಗ ಮಾತ್ರ. ಪಾತ್ರೆ ತಿಕ್ಕುವ ಸ್ಕ್ರಬ್ಬರಿನಿಂದ ಹೊಳೆಯುವವರೆಗೆ ತಿಕ್ಕಿ, ತೊಳೆದು ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ, ಜಿಡ್ಡಿದ್ದಲ್ಲಿ ಶಾಯಿ ಹಿಡಿಯುವುದಿಲ್ಲ.

ಪರ್ಮನೆಂಟ್ ಮಾರ್ಕರಿನಿಂದ ಗೆರೆಗಳನ್ನು ಎರಡು ಸಲ ತೀಡಿ. ಲೇಸರ್ ಪ್ರಿಂಟ್ ತೆಗೆದು ಇಸ್ತ್ರಿ ಪೆಟ್ಟಿಗೆಯಿಂದ ಅಚ್ಚೊತ್ತುವ ವಿಧಾನವೂ ಇದೆ. ನನ್ನ ಕೇಳಿದರೆ ಅದು ಎರಡನೆಯ ಬೋರ್ಡಿಗೆ. ಕೈಯಲ್ಲಿ ಬರೆದವರಿಗೆ ಕರೆಂಟಿನ ದಾರಿ ನೆನಪಿರುತ್ತದೆ. ಒಂದು ಎಚ್ಚರ: ಬಿಡಿಭಾಗಗಳು ಕೂರುವುದು ತಾಮ್ರವಿಲ್ಲದ ಬದಿಗೆ. ಹಾಗಾಗಿ ತಾಮ್ರದ ಕಡೆಯಿಂದ ಬರೆಯುವಾಗ ಎಡ ಬಲವಾಗುತ್ತದೆ. ಟ್ರಾನ್ಸಿಸ್ಟರಿನ ಕಾಲುಗಳು ಅದಲುಬದಲಾಗುವುದು ಇಲ್ಲೇ.

ಇನ್ನು ಎಚಿಂಗ್, ಎಂದರೆ ಬೇಡದ ತಾಮ್ರವನ್ನು ಕರಗಿಸುವುದು. ಗಾಳಿಯಾಡುವ ಜಾಗದಲ್ಲಿ, ಕೈಗವಸು, ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ತಟ್ಟೆಯ ನೀರಿಗೆ ಫೆರಿಕ್ ಕ್ಲೋರೈಡ್ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಪುಡಿಯ ಮೇಲೆ ನೀರು ಸುರಿಯಬೇಡಿ, ಬಿಸಿಯೇರಿ ಸಿಡಿಯುತ್ತದೆ. ಸ್ಟೀಲ್, ಅಲ್ಯುಮಿನಿಯಂ ಪಾತ್ರೆ ಬೇಡ, ಅವನ್ನೂ ತಿನ್ನುತ್ತದೆ. ಬೋರ್ಡು ಮುಳುಗಿಸಿ ತಟ್ಟೆಯನ್ನು ಮೆಲ್ಲಗೆ ಅಲುಗಾಡಿಸುತ್ತಿರಿ. ಮೊದಲು ತಾಮ್ರದ ಹೊಳಪು ಹೋಗಿ ಮಂಕಾದ ಗುಲಾಬಿ ಬಣ್ಣ ಬರುತ್ತದೆ. ಅಂಚಿನಿಂದ ಒಳಕ್ಕೆ ಬೋರ್ಡಿನ ಮೈ ಕಾಣತೊಡಗುತ್ತದೆ. ಕೊನೆಯ ಚುಕ್ಕೆ ಹೋದ ಕೂಡಲೇ ತೆಗೆಯಿರಿ. ತಡಮಾಡಿದರೆ ಶಾಯಿಯ ಅಡಿಗೂ ನುಗ್ಗಿ ಗೆರೆ ಸವೆಯುತ್ತದೆ.

ತೊಳೆದು, ಶಾಯಿ ಒರೆಸಿ, 0.8 ಅಥವಾ 1 ಮಿಲಿಮೀಟರ್ ಬಿಟ್ಟಿನಿಂದ ತೂತು ಕೊರೆದು ಬೆಸುಗೆ ಹಾಕಿ.

ಉಳಿದ ದ್ರಾವಣ ಮತ್ತೆ ಬಳಕೆಗೆ ಬರುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ. ಅದರಲ್ಲಿ ಕರಗಿದ ತಾಮ್ರವಿದೆ. ಗಟಾರಕ್ಕೆ ಚೆಲ್ಲಿದರೆ ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳಿಗೇ ಸೇರೀತು. ಶಕ್ತಿಗುಂದಿದ ದ್ರಾವಣವನ್ನು ಏನು ಮಾಡಬೇಕೆಂದು ಚಿಕ್ಕೋಡಿ ಅಥವಾ ನಿಪ್ಪಾಣಿಯ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೇಳಿಕೊಳ್ಳಿ.